ಇವತ್ತು ನಗದು, ನಾಳೆ ಉದ್ರಿ

ನಾನು ಮೊಟ್ಟಮೊದಲು ಅಕ್ಷರ ಕೂಡಿಸಿ ಓದಿದ ವಾಕ್ಯ ನಮ್ಮ ಕಮಠಾಣದ ಕಿರಾಣಿ ದುಕಾನಿನ ಹಲಗೆಯ ಮೇಲಿತ್ತು: ‘ಇವತ್ತು ನಗದು, ನಾಳೆ ಉದ್ರಿ’. ಮರುದಿನ ಅವ್ವ ಬೆಲ್ಲ ತರಲು ಕಳಿಸಿದಾಗ ನಾನು ಜಾಣತನ ತೋರಿಸಲು ಹೋಗಿ, “ಕಾಕಾ, ನಾಳಿ ಆಯ್ತಲ್ಲ, ಇವತ್ತ ಉದ್ರಿ ಕೊಡ್ರಿ” ಎಂದೆ. ದುಕಾನಿನ ಕಾಕಾ ಹೊಟ್ಟೆ ಕುಣಿಸಿ ನಕ್ಕರು. “ಹಲಗಿ ಮತ್ತೊಮ್ಮಿ ಓದು, ಬೇಟಾ” ಎಂದರು. ಓದಿದೆ. ನಾಳೆ ಎನ್ನುವುದು ಎಂದಿಗೂ ಬರುವುದಿಲ್ಲ ಎಂದು ಆಗ ತಿಳಿಯಿತು.

ಆದರೆ ಆ ಹಲಗೆ ಹೇಳುತ್ತಿದ್ದುದು ಅರ್ಧ ಸುಳ್ಳು. ಊರಿನ ಎಲ್ಲರ ಮನೆಯ ಲೆಕ್ಕವೂ ಕಾಕಾನ ಕೆಂಪು ವಹಿಯಲ್ಲಿತ್ತು. ತೊಗರಿ ರಾಶಿಯಾಗಿ, ಚೀಲ ಬೀದರಿನ ಗಾಂಧಿ ಗಂಜಿಗೆ ಹೋಗಿ, ಅಡತಿ ಅಂಗಡಿಯಿಂದ ಅಪ್ಪನ ಕೈಗೆ ರೊಕ್ಕ ಬಂದ ದಿನ ವಹಿಯ ಒಂದು ಪುಟಕ್ಕೆ ಅಡ್ಡಗೆರೆ ಬೀಳುತ್ತಿತ್ತು. ಮರುದಿನದಿಂದ ಹೊಸ ಪುಟ. ಹಾಗಾಗಿ ಉದ್ರಿ ಎಂಬುದು ಪಟ್ಟಣದವರು ಈಚೆಗೆ ಕಂಡುಕೊಂಡ ಹೊಸ ಪಾಪವೇನಲ್ಲ. ನಾವೆಲ್ಲ ಉದ್ರಿಯ ಬೇಳೆ ತಿಂದೇ ಬೆಳೆದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಇಂದು ನಗದಿನ ಪರವಾಗಿ ನಾಲ್ಕು ಮಾತು ಬರೆಯಬೇಕೆಂದು ಕುಳಿತಿದ್ದೇನೆ. ಹಳೆಯದೆಲ್ಲ ಚಿನ್ನ ಎಂಬ ರಾಗ ಎಳೆಯುತ್ತಿದ್ದೇನೆಂದು ನೀವು ತಿಳಿಯಬಾರದು.

ನನ್ನ ಕಥೆ ಹೀಗೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ಟೈ ಕಟ್ಟಿದ ಹುಡುಗನೊಬ್ಬ ಬಂದ. ಯಾವ ಬ್ಯಾಂಕು ಎನ್ನುವುದು ಬೇಡ. “ಮೇಡಂ, ಸರ್ಕಾರಿ ಸಂಬಳ ಇದ್ದವರಿಗೆ ಮಾತ್ರ ಕೊಡ್ಲಾಕತ್ತೀವಿ, ಒಂದು ಪೈಸೆ ಖರ್ಚಿಲ್ಲ” ಎಂದ. ಆ ಹುಡುಗನ ಬೆವರು ನೋಡಿ ಕನಿಕರವೂ ಆಯಿತು, ‘ನಿಮಗೆ ಮಾತ್ರ’ ಎಂಬ ಮಾತಿಗೆ ಒಳಗೊಳಗೇ ಹಿಗ್ಗೂ ಆಯಿತು. ಸಹಿ ಮಾಡಿದೆ. ಹದಿನೈದು ದಿನಕ್ಕೆ ಕ್ರೆಡಿಟ್ ಕಾರ್ಡು ಬಂತು. ಒಂದು ವರ್ಷ ಅದು ಕಪಾಟಿನಲ್ಲಿ ಮಲಗಿತ್ತು. ಆಮೇಲೆ ಮಗಳ ಕುಬ್ಸದ ಕಾರ್ಯ ಬಂತು. ಬೀಗರ ಕಡೆಯವರು ಹೆಚ್ಚು ಜನ. ಸೀರೆ, ಬೆಳ್ಳಿ ಬಟ್ಟಲು, ಉಡಿ ತುಂಬುವ ಸಾಮಾನು ಎಂದು ಹೊರಟವಳು ಎರಡು ಅಂಗಡಿಗಳಲ್ಲಿ ಕಾರ್ಡು ಕೊಟ್ಟೆ. 40,000 ರೂಪಾಯಿ. ಮನೆಗೆ ಬಂದಾಗ ನನ್ನ ಪರ್ಸಿನಲ್ಲಿ ಬೆಳಿಗ್ಗೆ ಇದ್ದ ಏಳುನೂರು ರೂಪಾಯಿ ಹಾಗೇ ಇತ್ತು. ಏನೂ ಖರ್ಚಾಗಿಲ್ಲವೆಂಬ ಆ ಹಗುರಾದ ಭಾವವನ್ನು ನಾನು ಈಗಲೂ ಮರೆತಿಲ್ಲ.

ತಿಂಗಳಾದ ಮೇಲೆ ಕಾಗದ ಬಂತು. ಅದರಲ್ಲಿ ಎರಡು ಅಂಕೆ. ಒಂದು, ಒಟ್ಟು ಬಾಕಿ 40,000. ಇನ್ನೊಂದು, ಕಟ್ಟಬೇಕಾದ ಕನಿಷ್ಠ ಮೊತ್ತ 2,000. ಎರಡನೆಯದು ನನ್ನ ಕೈಗೆಟುಕುವಂತಿತ್ತು. ಕಟ್ಟಿದೆ. ಮುಂದಿನ ತಿಂಗಳೂ ಕಟ್ಟಿದೆ. ಹೀಗೆ ಹತ್ತು ತಿಂಗಳು. 20,000 ಕಟ್ಟಾಯಿತು, ಅರ್ಧ ತೀರಿತು ಎಂದು ಕಾಗದ ತೆಗೆದು ನೋಡಿದರೆ ಬಾಕಿ ಇನ್ನೂ 35,000ದ ಮೇಲೆ! ಬ್ಯಾಂಕಿನವರು ತಪ್ಪು ಲೆಕ್ಕ ಹಾಕಿದ್ದಾರೆಂದು ನಮ್ಮ ಗಣಿತದ ಟೀಚರಿಗೆ ತೋರಿಸಿದೆ. ಆಕೆ ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿಗೆ ಲೆಕ್ಕ ಬರೆದಳು. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ. 40,000ಕ್ಕೆ 1,400. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 252. ಎರಡೂ ಸೇರಿ 1,652. “ನೀವು ಕೊಟ್ಟ 2,000ದಾಗ ಅಸಲಿಗೆ ಹೋಗಿದ್ದು 348 ರೂಪಾಯಿ, ಅಕ್ಕೋರೆ. ಲೆಕ್ಕ ಬರೋಬ್ಬರಿ ಅದ” ಎಂದಳು. ಬರೋಬ್ಬರಿ ಎಂಬ ಮಾತು ಅಂದು ಚುಚ್ಚಿದಷ್ಟು ಎಂದೂ ಚುಚ್ಚಿರಲಿಲ್ಲ.

ಬಿ.ಎ., ಬಿ.ಎಡ್. ಮಾಡಿದವಳು, ಮೂವತ್ತು ವರ್ಷದ ಹತ್ತಿರ ಪಾಠ ಹೇಳಿದವಳು ನಾನು. ಸರ್ವಜ್ಞನ ಸಾಲದ ತ್ರಿಪದಿಯನ್ನು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಹಾಗಿದ್ದೂ ನಾನೇ ಸಿಕ್ಕಿಬಿದ್ದೆ, ಏಕೆ? ನಾಚಿಕೆ ಕಳೆದ ಮೇಲೆ ಈ ಪ್ರಶ್ನೆ ಹಿಡಿದುಕೊಂಡು ಆ ಕಾಗದಗಳನ್ನು ಮತ್ತೆ ಓದಿದೆ. ಈ ಸಲ ಕನ್ನಡ ಟೀಚರಾಗಿ, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಓದಿದೆ.

ಮೊದಲು ಕಣ್ಣಿಗೆ ಬಿದ್ದದ್ದು, ಆ ಹುಡುಗ ಕೊಟ್ಟ ಬಣ್ಣದ ಹಾಳೆಯಲ್ಲಿ ‘ಸಾಲ’ ಎಂಬ ಶಬ್ದವೇ ಇರಲಿಲ್ಲ. ಬಹುಮಾನ ಇತ್ತು, ಸವಲತ್ತು ಇತ್ತು, ಉಚಿತ ಎಂಬುದು ನಾಲ್ಕು ಸಲ ಇತ್ತು. ಮಕ್ಕಳು ನಿಬಂಧದಲ್ಲಿ ಮುಖ್ಯ ವಿಷಯವನ್ನೇ ಬಿಟ್ಟು ಬರೆದರೆ ನಾವು ಸೊನ್ನೆ ಹಾಕುತ್ತೇವೆ. ಇಲ್ಲಿ ಮುಖ್ಯ ವಿಷಯ ಬಿಟ್ಟಿದ್ದೇ ಜಾಣತನ. ಎರಡನೆಯದು ‘ಮಿತಿ’. ನಮ್ಮ ಮಾತಿನಲ್ಲಿ ಮಿತಿ ಎಂದರೆ ಇಲ್ಲಿಗೆ ನಿಲ್ಲು ಎಂದರ್ಥ. ಕಾರ್ಡಿನವರ ಮಾತಿನಲ್ಲಿ ಮಿತಿ ಎಂದರೆ ಇಲ್ಲಿಯವರೆಗೂ ಬಾ ಎಂದು. ಒಂದು ದಿನ ಫೋನಿಗೆ ಸಂದೇಶ ಬಂತು: ಅಭಿನಂದನೆ, ನಿಮ್ಮ ಮಿತಿ ಹೆಚ್ಚಾಗಿದೆ. ನನ್ನ ಸಂಬಳ ಹೆಚ್ಚಾಗಿರಲಿಲ್ಲ. ನಾನು ಎಷ್ಟು ಸಾಲಗಾರಳಾಗಬಹುದು ಎಂಬುದು ಹೆಚ್ಚಾಗಿತ್ತು. ಅದಕ್ಕೆ ಅಭಿನಂದನೆ! ಮೂರನೆಯದು ‘ಕನಿಷ್ಠ’. ಶಾಲೆಯಲ್ಲಿ ಕನಿಷ್ಠ ಅಂಕ ಬಂದರೆ ಪಾಸು. ನನ್ನ ತಲೆಯಲ್ಲಿ ಆ ಅರ್ಥ ಕುಳಿತಿದ್ದರಿಂದ 2,000 ಕಟ್ಟಿದ ಪ್ರತಿ ತಿಂಗಳೂ ನಾನು ಪಾಸಾದೆನೆಂದೇ ತಿಳಿದಿದ್ದೆ.

ಇಷ್ಟಾದ ಮೇಲೆ ಸರ್ವಜ್ಞನ ಪದ್ಯದ ಬಗ್ಗೆಯೂ ಒಂದು ಮಾತು ಹೊಳೆಯಿತು. ಸಾಲ ತರುವಾಗಿನ ಸುಖ, ಕೊಟ್ಟವನು ಬಂದು ಕೇಳುವಾಗಿನ ಸಂಕಟ, ಇವೆರಡನ್ನು ಎದುರುಬದುರು ನಿಲ್ಲಿಸಿದ್ದರಲ್ಲೇ ಅದರ ಬಲವಿದೆ. ಆ ಕಾಲದ ಸಾಲಗಾರ ಬಾಗಿಲಿಗೆ ಬರುತ್ತಿದ್ದ. ಇಂದಿನವನು ಬರುವುದಿಲ್ಲ. ಬಾಕಿ ಉಳಿಸಿಕೊಳ್ಳಿ, ಅವಸರವಿಲ್ಲ ಎನ್ನುತ್ತಾನೆ. ಸಂಕಟವನ್ನು ತಿಂಗಳು ತಿಂಗಳು ಚೂರು ಮಾಡಿ ನೀರಿನಲ್ಲಿ ಕಲಸಿ ಕುಡಿಸಿದರೆ ಗೊತ್ತೇ ಆಗುವುದಿಲ್ಲ. ಪದ್ಯ ಹಳತಾಗಿಲ್ಲ. ಅದು ಎಚ್ಚರಿಸುವ ಗಳಿಗೆಯನ್ನೇ ಇವರು ತೆಗೆದುಹಾಕಿದ್ದಾರೆ.

ಈ ಕಾರ್ಡಿನ ಪೂರ್ವಜ ಹುಟ್ಟಿದ್ದು 1950ರಲ್ಲಿ ನ್ಯೂಯಾರ್ಕಿನಲ್ಲಿ. ಹೋಟೆಲಿನ ಊಟದ ಬಿಲ್ಲನ್ನು ಆಮೇಲೆ ಕೊಡುವುದಕ್ಕಾಗಿ ಬಂದ ಡೈನರ್ಸ್ ಕ್ಲಬ್ ಎಂಬ ಕಾರ್ಡು ಅದು. ನಮ್ಮ ದೇಶದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕಾರ್ಡು ತಂದಿತು. ಆಗ ಅದು ದೊಡ್ಡ ಊರಿನ ದೊಡ್ಡವರ ಜೇಬಿನ ಮಾತು. ಈಗ ಭಾಲ್ಕಿ, ಔರಾದಿನ ಹುಡುಗರ ಜೇಬಿನಲ್ಲೂ ಇದೆ. ಬಡ್ಡಿ ತಿಂಗಳಿಗೆ ಮೂರು, ಮೂರೂವರೆ ಎಂದರೆ ಸಣ್ಣದಾಗಿ ಕೇಳಿಸುತ್ತದೆ. ವರ್ಷಕ್ಕೆ ಹಾಕಿದರೆ ನೂರಕ್ಕೆ 36, 42. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಅಂದರೆ ನಮ್ಮನ್ನು ಕಾಯಲು ಇದ್ದ ಆ ಒಂದು ಬೇಲಿಯೂ ಈಗಿಲ್ಲ. ಇನ್ನೊಂದು ಸಂಗತಿ ನನಗೆ ಆಮೇಲೆ ತಿಳಿದದ್ದು: ಬಾಕಿ ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ಆ ನಲವತ್ತು ಐವತ್ತು ದಿನಗಳ ಸವಲತ್ತು ಹೋಗುತ್ತದೆ. ಕೊಂಡ ದಿನದಿಂದಲೇ ಬಡ್ಡಿ ಏಳುತ್ತದೆ, ಹೊಸದಾಗಿ ಕೊಂಡದ್ದಕ್ಕೂ.

ಕೈಯಲ್ಲಿ ಕಾರ್ಡಿದ್ದರೆ ಮನಸ್ಸು ಸಡಿಲವಾಗುತ್ತದೆ ಎನ್ನುವುದು ನನ್ನೊಬ್ಬಳ ಚಪಲವಲ್ಲ. ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯ ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬ ಇಬ್ಬರು ಪ್ರಾಧ್ಯಾಪಕರು ಆಟದ ಟಿಕೆಟುಗಳನ್ನು ಹರಾಜಿಗಿಟ್ಟು ನೋಡಿದರು. ಅರ್ಧ ಜನರಿಗೆ ನಗದು ಕೊಡಬೇಕೆಂದರು, ಅರ್ಧ ಜನರಿಗೆ ಕಾರ್ಡು. ಕಾರ್ಡಿನವರು ಹೆಚ್ಚು ಕಡಿಮೆ ಎರಡು ಪಟ್ಟು ಕೂಗಿದರು. 2001ರಲ್ಲಿ ಪ್ರಕಟವಾದ ಸಂಗತಿ ಇದು. ಅಷ್ಟು ಓದಿದವರ ಊರಿನಲ್ಲೇ ಹೀಗಾದರೆ ಸೀರೆ ಅಂಗಡಿಯಲ್ಲಿ ಮಗಳ ಮುಖ ನೋಡುತ್ತ ಕುಳಿತ ತಾಯಿಯ ಗತಿ ಏನು?

ಇನ್ನು ನಗದಿನ ಸೊಗಸು. ನಮ್ಮ ಆಯಿ ನಿಜಾಮರ ರಾಜ್ಯದಲ್ಲಿ ಹುಟ್ಟಿದವಳು. ಆಗ ನಮ್ಮ ಸೀಮೆಯಲ್ಲಿ ಎರಡು ಬಗೆಯ ರೂಪಾಯಿ ನಡೆಯುತ್ತಿದ್ದವು. ನಿಜಾಮರ ‘ಹಾಲಿ’, ಬ್ರಿಟಿಷರ ‘ಕಲ್ದಾರ’. ಏಳು ಹಾಲಿ ಕೊಟ್ಟರೆ ಸುಮಾರು ಆರು ಕಲ್ದಾರ. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೂ ಕೆಲವು ವರ್ಷ ಹಾಲಿ ಚಲಾವಣೆಯಲ್ಲಿತ್ತು. ಆಯಿಗೆ ಓದು ಬರಹ ಬಾರದು. ಆದರೆ ಎರಡನ್ನೂ ಬೆರಳಿನಲ್ಲೇ ಗುರುತು ಹಿಡಿಯುತ್ತಿದ್ದಳು, ಏಳು ಆರರ ಲೆಕ್ಕವನ್ನು ಗೆಣ್ಣಿನ ಮೇಲೆ ಮಾಡುತ್ತಿದ್ದಳು. ನಗದಿನ ದೊಡ್ಡ ಗುಣ ಇದೇ. ಅಕ್ಷರ ಬಾರದವಳಿಗೂ ಅದು ತನ್ನ ಲೆಕ್ಕ ತಾನೇ ಹೇಳುತ್ತದೆ. ಸೆರಗಿನ ಗಂಟು ಬಿಚ್ಚಿದರೆ ಎಷ್ಟಿದೆ, ಎಷ್ಟಿಲ್ಲ ಎಂದು ಕಾಣುತ್ತದೆ. ಗಂಟು ಬಿಚ್ಚಲು ಒಂದು ಗಳಿಗೆ ಬೇಕಾಗುತ್ತದೆ. ಆ ಗಳಿಗೆಯಲ್ಲಿ ಬೇಡ ಎಂದೂ ಅನ್ನಿಸಬಹುದು.

ನಮ್ಮ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋದಾಗಲೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಗಂಡ ಮಾರಯ್ಯನೊಂದಿಗೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬಂದವಳು. ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು. ಈ ಕಥೆಯನ್ನು ನಾನು ವರುಷಗಟ್ಟಲೆ ‘ನಿರಾಸೆ’, ‘ಸಂತೃಪ್ತಿ’ ಎಂಬ ದೊಡ್ಡ ಶಬ್ದಗಳಲ್ಲಿ ಪಾಠ ಮಾಡಿದ್ದೆ. ಕಾರ್ಡಿನ ಪಾಠವಾದ ಮೇಲೆ ಬೇರೆ ಒಂದು ಮಾತು ಕಂಡಿತು. ಲಕ್ಕಮ್ಮನಿಗೆ ಹೆಚ್ಚು ಬಂದಿದೆ ಎಂದು ಗೊತ್ತಾದದ್ದು ಹೇಗೆ? ಅಕ್ಕಿ ಅವಳ ಕಣ್ಣೆದುರಿಗಿತ್ತು. ದಿನದ ಅಳತೆ ಅವಳಿಗೆ ಗೊತ್ತಿತ್ತು. ವೈರಾಗ್ಯ ಆಮೇಲಿನದು, ಮೊದಲು ಬೇಕಾದದ್ದು ಮನೆ ನಡೆಸುವ ಹೆಂಗಸಿನ ಕಣ್ಣಳತೆ. ಅಕ್ಕಿಯ ಬದಲು ಮಾರಯ್ಯ ಒಂದು ಚೀಟಿ ತಂದಿದ್ದರೆ ಲಕ್ಕಮ್ಮನಂಥ ಲಕ್ಕಮ್ಮನಿಗೂ ತಿಳಿಯುತ್ತಿತ್ತೋ ಇಲ್ಲವೋ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ನಗದಿನ ಕಾಲ ಹೆಂಗಸರಿಗೆ ರಾಮರಾಜ್ಯವಾಗಿರಲಿಲ್ಲ. ಅವ್ವ ಹಾಲು ಮಾರಿ ಬೇಳೆಯ ಡಬ್ಬಿಯಲ್ಲಿ ಇಟ್ಟ ರೊಕ್ಕವನ್ನು ಅಪ್ಪ ಕೇಳದೆ ತೆಗೆದುಕೊಂಡು ಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಕೇಳಿದರೆ “ನಿಂದ್ಯಾವುದು, ನಂದ್ಯಾವುದು” ಎಂಬ ಉತ್ತರ. ಕಣ್ಣಿಗೆ ಕಾಣುವ ರೊಕ್ಕ ಎಲ್ಲರ ಕಣ್ಣಿಗೂ ಕಾಣುತ್ತದೆ. ಆಮೇಲೆ ಅವ್ವ ಡಬ್ಬಿ ಬದಲಿಸುತ್ತ ಹೋದಳು. ಬೇಳೆಯಿಂದ ಜೋಳಕ್ಕೆ, ಜೋಳದಿಂದ ಹಾಸಿಗೆಯ ಸುರುಳಿಗೆ.

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವೆಂದು ಟಿವಿಯಲ್ಲಿ ಹೇಳಿದರು. ನಾಲ್ಕು ದಿನ ಬಿಟ್ಟು ಅವ್ವ ನನ್ನನ್ನು ಒಳಗೆ ಕರೆದು ಒಂದು ಹಳೆಯ ಕುಪ್ಪಸದ ಬಟ್ಟೆ ಬಿಚ್ಚಿದಳು. ಐದುನೂರರ 27 ನೋಟು. 13,500 ರೂಪಾಯಿ. ಅವಳಿಗೆ ಬ್ಯಾಂಕಿನ ಖಾತೆ ಇರಲಿಲ್ಲ. “ಯಾರಿಗೂ ಹೇಳಬ್ಯಾಡ” ಎಂದಳು. ಆದರೆ ಹೇಳದೆ ಬದಲಿಸುವ ದಾರಿಯಿರಲಿಲ್ಲ. ಅಂದು ನಾನು ಶಾಲೆಗೆ ರಜೆ ಹಾಕುವಂತಿರಲಿಲ್ಲ, ಕೊನೆಗೆ ತಮ್ಮ ತನ್ನ ಖಾತೆಗೆ ಹಾಕಿಸಿದ. ಆ ರೊಕ್ಕ ತಿರುಗಿ ಬಂತು, ಆದರೆ ಅವ್ವನ ಕೈಗೆ ಬರಲಿಲ್ಲ. ಮನೆಯ ರೊಕ್ಕವಾಗಿ ಬಂತು, ಹೊಲದ ಪೈಪಿಗೆ ಹೋಯಿತು. ಅವ್ವ ಏನೂ ಅನ್ನಲಿಲ್ಲ. ಆ ಬಟ್ಟೆಯನ್ನು ಮಡಚಿ ಇಟ್ಟಳು, ಅಷ್ಟೆ. ಒಂದು ದಿನ ರಜೆ ಹಾಕಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ರದ್ದಾದ ನೋಟುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಬ್ಯಾಂಕಿಗೆ ಮರಳಿದವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಲೆಕ್ಕ ಕೊಟ್ಟಿತು. ಆ ಲೆಕ್ಕದಲ್ಲಿ ಅವ್ವನ 27 ನೋಟೂ ಸೇರಿವೆ. ಅವುಗಳ ಜೊತೆ ಹೋದದ್ದು ಯಾವ ಲೆಕ್ಕದಲ್ಲೂ ಇಲ್ಲ. 1964ರಲ್ಲಿ ಬಂದ ಗಿರೀಶ ಕಾರ್ನಾಡರ ‘ತುಘಲಕ್’ ಓದಿದವರಿಗೆ ನಾಣ್ಯ ನಿಂತಿರುವುದು ದೊರೆಯ ಮಾತಿನ ಮೇಲೆ ಎಂಬುದು ಹೊಸ ಸಂಗತಿಯಲ್ಲ. ಅವ್ವ ಓದಿರಲಿಲ್ಲ.

ಹಾಗಾಗಿ ಕೂಡಿಡುವ ರೊಕ್ಕಕ್ಕೆ ಡಬ್ಬಿ ಸರಿಯಾದ ಜಾಗವಲ್ಲ ಎಂದೇ ನನ್ನ ಮತ. ಅದಕ್ಕೆ ಅವಳ ಹೆಸರಿನದೇ ಪಾಸ್‌ಬುಕ್ ಬೇಕು. 1992ರಲ್ಲಿ ನಬಾರ್ಡು ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದ ಮೇಲೆ ನಮ್ಮ ಬೀದರಿನ ಡಿಸಿಸಿ ಬ್ಯಾಂಕ್ ಅದನ್ನು ಹಳ್ಳಿ ಹಳ್ಳಿಗೆ ಒಯ್ದು ಹೆಸರು ಮಾಡಿತು. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕಟ್ಟಿ, ಚಾಪೆಯ ಮೇಲೆ ಎಲ್ಲರೆದುರು ಎಣಿಸಿ, ವಹಿಗೆ ಬರೆದು ಇಡುವ ಸಂಘಗಳು ಅವು. ಅಲ್ಲಿಯೂ ಸಾಲ ಇದೆ. ಆದರೆ ಏಕೆ ಬೇಕು ಎಂದು ಹತ್ತು ಜನ ಕೇಳುತ್ತಾರೆ. ಕುಬ್ಸದ ಸೀರೆಗೆ 40,000 ಎಂದಿದ್ದರೆ ಆ ಹತ್ತು ಹೆಂಗಸರು ನನ್ನನ್ನು ನಕ್ಕು ಎಬ್ಬಿಸಿ ಕಳಿಸುತ್ತಿದ್ದರು. ಹಾಗೆ ಕೇಳುವವರಿಲ್ಲದ ಸಣ್ಣ ಸಾಲಗಳು ಊರೂರಲ್ಲಿ ಬೆಳೆದು, ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಕಾರ್ಡಿನ ಪರವಾಗಿಯೂ ಒಂದು ಸಾಕ್ಷಿಯಿದೆ. ನನ್ನ ಜೊತೆಯ ಟೀಚರೊಬ್ಬರ ಯಜಮಾನರಿಗೆ ಎದೆನೋವು ಬಂದು ಅರ್ಧರಾತ್ರಿ ಹೈದರಾಬಾದಿಗೆ ಒಯ್ದಾಗ ಮುಂಗಡ ಕಟ್ಟಿದ್ದು ಕಾರ್ಡೇ. ಆ ಹೊತ್ತಿನಲ್ಲಿ ಯಾವ ಡಬ್ಬಿಯೂ ನೆರವಿಗೆ ಬರುತ್ತಿರಲಿಲ್ಲ. ನನ್ನ ಅಳಿಯನೂ ಕಾರ್ಡು ಬಳಸುತ್ತಾನೆ, ಪ್ರತಿ ತಿಂಗಳು ಪೂರ್ತಿ ಕಟ್ಟುತ್ತಾನೆ, ಒಂದು ಪೈಸೆ ಬಡ್ಡಿ ಕೊಟ್ಟವನಲ್ಲ. ಬಹುಮಾನದ ಅಂಕಗಳಿಂದ ಮಿಕ್ಸರ್ ಕೂಡ ತಂದ. “ನೋಡ್ರಿ ಅತ್ತಿ, ಪುಕ್ಕಟೆ” ಎಂದ. ಅಂಗಡಿಯವರು ಕೊಡುವ ಶುಲ್ಕವೂ ನನ್ನಂಥವರು ಕಟ್ಟಿದ ಬಡ್ಡಿಯೂ ಸೇರಿ ಆ ಮಿಕ್ಸರ್ ಆಗಿದೆ ಎಂದು ನಾನು ಹೇಳಲಿಲ್ಲ. ಚಟ್ನಿ ಚೆನ್ನಾಗಿ ಆಗುತ್ತದೆ.

ಮಗಳ ವಾದ ಬೇರೆ. “ಅವ್ವ, ಫೋನ್ ಪೇ ಮಾಡಿದ್ರ ಅದೂ ನಗದೇ ಅಲ್ಲೇನ? ನಿನ್ನ ಖಾತೆದಾಗಿನ ರೊಕ್ಕನೇ ಹೋಗ್ತದ.” ಆ ಮಾತು ನಿಜ. 2016ರಲ್ಲಿ ಬಂದ ಯುಪಿಐ ಸಾಲವಲ್ಲ. ಚಿಲ್ಲರೆಗಾಗಿ ಪರದಾಡುವುದು ತಪ್ಪಿದೆ, ನಾನೂ ಬಳಸುತ್ತೇನೆ. ಆದರೆ 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಅದೇ ಯುಪಿಐಗೆ ಜೋಡಿಸಲು ಬರುತ್ತದೆ. ಅದೇ ಚೌಕದ ಚಿತ್ರ, ಅದೇ ಗುಪ್ತ ಸಂಖ್ಯೆ, ದುಕಾನಿನ ಡಬ್ಬಿ ಕೂಗುವುದೂ ಅದೇ ದನಿ. ಹೋದದ್ದು ನನ್ನ ರೊಕ್ಕವೋ, ನಾನು ಹೊತ್ತ ಸಾಲವೋ ಎಂದು ಕಿವಿಗೆ ಗೊತ್ತಾಗುವುದಿಲ್ಲ. ಸ್ವಂತ ಮತ್ತು ಸಾಲ ಇವೆರಡರ ನಡುವಿನ ಗೋಡೆ ಇಷ್ಟು ತೆಳುವಾದದ್ದು ನನಗೆ ಹೆದರಿಕೆ ತರುತ್ತದೆ.

ಕೊನೆಗೆ ನಾನು ಮಾಡಿದ್ದು ಇಷ್ಟು. ಇದ್ದ ಒಂದು ಆರ್.ಡಿ. ಮುರಿದು ಬಾಕಿ ಪೂರ್ತಿ ಕಟ್ಟಿ, ಕಾರ್ಡು ರದ್ದು ಮಾಡಿಸಿ, ಕತ್ತರಿಯಿಂದ ಎರಡು ತುಂಡು ಮಾಡಿದೆ. ಸಂಬಳದ ದಿನ ಮನೆಖರ್ಚಿನ ರೊಕ್ಕವನ್ನು ತೆಗೆದು ನಾಲ್ಕು ಲಕೋಟೆಗಳಲ್ಲಿ ಹಾಕುತ್ತೇನೆ: ಕಿರಾಣಿ, ಹಾಲು ತರಕಾರಿ, ಹೋಗಿ ಬರುವ ಖರ್ಚು, ಬಂದುಹೋಗುವವರ ಉಡಿ. ಉಳಿದದ್ದು ನನ್ನ ಖಾತೆಯಲ್ಲೇ ಇರುತ್ತದೆ. ತಿಂಗಳ ಕೊನೆಗೆ ಲಕೋಟೆ ತೆಳ್ಳಗಾದಾಗ ಮನೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಯಾರೂ ಯಾರಿಗೂ ಬುದ್ಧಿ ಹೇಳುವ ಅಗತ್ಯ ಬೀಳುವುದಿಲ್ಲ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ನಮ್ಮ ಓಣಿಯ ಹೆಂಗಸರು ತಮ್ಮ ಖಾತೆಗೆ ಬಂದ 2,000 ತೆಗೆಯಲು ಬಂದು, ಎರಡು ಸಲ ಎಣಿಸಿ ಗಂಟು ಕಟ್ಟುವುದನ್ನು ನೋಡಿದ್ದೇನೆ. ಅವರಿಗೆ ಈ ಲೇಖನ ಬೇಕಾಗಿಲ್ಲ. ಇದು ನನ್ನಂತೆ ಓದಿದವರಿಗೆ.

ಹೋದ ತಿಂಗಳು ಕಮಠಾಣದಲ್ಲಿ ಸಂಜೆ ಅದೇ ಕಿರಾಣಿ ದುಕಾನಿಗೆ ಹೋಗಿದ್ದೆ. ಕಾಕಾ ಇಲ್ಲ, ಅವರ ಮಗ ಕೂಡುತ್ತಾನೆ. ಹಲಗೆಯೂ ಇಲ್ಲ. ಅದು ಇದ್ದ ಮೊಳೆಗೆ ಈಗ ಸ್ಕ್ಯಾನರಿನ ಹಾಳೆ ತೂಗುಹಾಕಿದ್ದಾನೆ. ಎಣ್ಣೆ, ಸಾಬೂನು, ಒಂದು ಕಿಲೋ ಹೆಸರುಬೇಳೆ ಕಟ್ಟಿಸಿಕೊಂಡ ಮೇಲೆ ನೋಡಿದರೆ ಪರ್ಸು ಮನೆಯಲ್ಲೇ ಉಳಿದಿದೆ, ಫೋನಿನ ಜೀವವೂ ಹೋಗಿದೆ. ಸಾಮಾನು ತಿರುಗಿ ಇಡಲು ಹೋದೆ. “ಒಯ್ಯಿರಿ ಅಕ್ಕೋರೆ, ನಾಳಿ ಕೊಡ್ರಿ” ಎಂದ. “ಬರಕೋ” ಎಂದೆ. “ಅಷ್ಟಕ್ಕ ಏನ್ ಬರಕೊಳ್ಳೋದ್ರಿ” ಎಂದು ಬೇರೆ ಗಿರಾಕಿಯ ಕಡೆ ತಿರುಗಿದ.

ಮರುದಿನ ಶಾಲೆಯ ಪ್ರಾರ್ಥನೆಗೆ ಮೊದಲೇ ಅವನ ದುಕಾನಿನ ಮುಂದೆ ನಿಂತಿದ್ದೆ. ಬಾಗಿಲು ಇನ್ನೂ ಅರ್ಧ ತೆರೆದಿತ್ತು. 310 ರೂಪಾಯಿ ಎಣಿಸಿ ಕೈಗಿತ್ತಾಗ, “ಎಷ್ಟಾಗಿತ್ತು ಅಂತ ನಂಗೇ ನೆನಪಿಲ್ರಿ” ಎಂದು ನಕ್ಕ.

ನನಗೆ ನೆನಪಿತ್ತು. ರಾತ್ರಿಯಿಡೀ ಇತ್ತು.